ಸಾವಿರದ ಮುನ್ನೂರರ ಮೋಡೆಮ್, ಒಂದು ಮಳೆಗಾಲ ಕಳೆದ ಮೇಲೆ

ಗುಡುಗು ಕೇಳಿದ ಕೂಡಲೇ ಎದ್ದು ಹೋಗಿ ಮೋಡೆಮ್ಮಿನ ವಯರು ಕೀಳುವುದು ನಮ್ಮತ್ತೆಗೆ ಇವತ್ತಿಗೂ ಅಭ್ಯಾಸ. ತಾಮ್ರದ ಫೋನ್ ಲೈನಿದ್ದ ಕಾಲದಲ್ಲಿ ಮೂರು ಮೋಡೆಮ್ ಸಿಡಿಲಿಗೆ ಸುಟ್ಟುಹೋಗಿವೆ. ಈಗಿರುವುದು ಫೈಬರ್, ಗಾಜಿನ ಎಳೆ, ಅದರಲ್ಲಿ ಸಿಡಿಲು ಹರಿಯುವುದಿಲ್ಲ ಅಂದರೆ, "ಕರೆಂಟಿನ ವಯರಲ್ಲಿ ಬತ್ತಿಲ್ಯನೇ?" ಅಂತಾರೆ. ಅವರು ಹೇಳುವುದೇ ಸರಿ. ಕನೆಕ್ಷನ್ ಜೊತೆ ಬಂದಿದ್ದ ಹಳೆಯ ಡಬ್ಬಿ ಹೋದದ್ದು ಕರೆಂಟಿನ ಕಡೆಯಿಂದಲೇ, ಕೃತ್ತಿಕಾ ಮಳೆಯ ಒಂದು ಸಂಜೆ.

ನಾನು ಸಿದ್ದಾಪುರ ತಾಲ್ಲೂಕಿನ ಹಳ್ಳಿಮನೆಯಲ್ಲಿ ಕೂತು ಎರಡು ಸೊಸೈಟಿಗಳ ಲೆಕ್ಕವನ್ನು ಟ್ಯಾಲಿಗೆ ಹಾಕುವವಳು. ಎರಡು ದಿನ ನೆಟ್ ಇಲ್ಲದಿದ್ದರೆ ಫೋನ್ ಮೇಲೆ ಫೋನ್. ಮಾರನೇ ದಿನವೇ ಶಿರಸಿಗೆ ಹೋದೆ. ಅಂಗಡಿಯಲ್ಲಿ ಸೈರೋಟೆಕ್, ನೆಟ್‌ಲಿಂಕ್ ಎರಡೂ ಕಂಪನಿಯ ಮೋಡೆಮ್ ಇದ್ದವು. 2.4, 5 ಗಿಗಾಹರ್ಟ್ಸ್ ಎರಡೂ ವೈಫೈ ಇರುವ ಡ್ಯುಯಲ್ ಬ್ಯಾಂಡಿಗೆ 2,600, ಬರೀ 2.4 ಇರುವ ಸಿಂಗಲ್ ಬ್ಯಾಂಡಿಗೆ 1,300. ಅಂಗಡಿಯವರು ದೊಡ್ಡದನ್ನೇ ಮುಂದೆ ಮಾಡಿದರು. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಗೋಡೆ ದಾಟುವಷ್ಟರಲ್ಲೇ ಸುಸ್ತಾಗುತ್ತದೆ, 2.4 ಇನ್ನೂ ಒಂದಿಷ್ಟು ಒಳಗೆ ಬರುತ್ತದೆ. ಕಂಪ್ಯೂಟರಿಗಂತೂ ಲ್ಯಾನ್ ವಯರು. ಪ್ಲಾನ್ 60 ಎಂಬಿಪಿಎಸ್. 100ಕ್ಕೇ ನಿಲ್ಲುವ ಪೋರ್ಟ್ ಆದರೂ ನನಗೆ ಧಾರಾಳ. ಸಿಂಗಲ್ ಬ್ಯಾಂಡಿನ ಸೈರೋಟೆಕ್ ತಂದೆ.

ತರುವ ಮುಂಚೆ ಲೈನ್ ಕೊಟ್ಟ ಹುಡುಗನಿಗೆ ಫೋನ್ ಮಾಡಿ ಕೇಳಿದ್ದೆ. ಫೈಬರ್ ಲೈನಿನಲ್ಲಿ ಎರಡು ಬಗೆ: ಅವರದು ಜಿಪಾನ್, ಕೆಲವರದು ಇಪಾನ್ ಇರುತ್ತದೆ. ಎಕ್ಸ್‌ಪಾನ್ ಅಂತ ಬರೆದದ್ದಾದರೆ ಎರಡಕ್ಕೂ ಆಗುತ್ತದೆ. ಹೊಸ ಡಬ್ಬಿಯ ಸೀರಿಯಲ್ ನಂಬರನ್ನು ಅವರ ಕಡೆ ಸೇರಿಸದೆ ನೆಟ್ ಬರುವುದಿಲ್ಲ, ಆದ್ದರಿಂದ ಹೊರಗಿನ ಮೋಡೆಮ್ ಒಪ್ಪುತ್ತಾರೋ ಇಲ್ಲವೋ ಕೇಳಿಕೊಂಡೇ ದುಡ್ಡು ಬಿಚ್ಚಬೇಕು.

ಉಳಿದ ದುಡ್ಡಿನಲ್ಲಿ 12 ವೋಲ್ಟಿನ ಮಿನಿ ಯುಪಿಎಸ್ ತಂದೆ. ಮೋಡೆಮ್ ಕೂಡ 12 ವೋಲ್ಟಿನದೇ ಆದ್ದರಿಂದ ನೇರ ಕೂತಿತು. ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಯುಪಿಎಸ್ ಮೂರು ಗಂಟೆ ಎಳೆಯುತ್ತದೆ.

ಜುಲೈನಲ್ಲಿ ಒಂದು ಬೆಳಿಗ್ಗೆ ಮೋಡೆಮ್ಮಿನ ಎಲ್‌ಒಎಸ್ ಕೆಂಪು ದೀಪ, ಅಂದರೆ ಲೈನಿನಲ್ಲಿ ಬೆಳಕು ಸಾಲುತ್ತಿಲ್ಲ ಅನ್ನುವ ದೀಪ, ಮಿಣುಕತೊಡಗಿತು. ಅಗ್ಗದ್ದು ತಂದೆ, ಅನುಭವಿಸು ಅಂತ ನನಗೆ ನಾನೇ ಬೈದುಕೊಂಡೆ. ಹುಡುಗ ಬಂದವನು ಮೋಡೆಮ್ ಮುಟ್ಟಲೇ ಇಲ್ಲ. ಹಸಿರು ತಲೆಯ ಕನೆಕ್ಟರ್ ಬಿಚ್ಚಿ ಬೆಳಕು ಅಳೆಯುವ ಮೀಟರಿಗೆ ಚುಚ್ಚಿದ: ಮೈನಸ್ 29 ಡಿಬಿಎಂ. "ಮೈನಸ್ 27 ದಾಟಿದ್ರೆ ಯಾವ ಕಂಪನೀದೂ ನಡೆಯಲ್ಲ ಅಕ್ಕಾ" ಅಂದ. ಆಮೇಲೆ ಕಪಾಟಿನ ಹಿಂದೆ ಕೈ ಹಾಕಿದ. ಹಳದಿ ವಯರು ಗೋಡೆಗೂ ಕಪಾಟಿಗೂ ನಡುವೆ ಸಿಕ್ಕಿ ಚೂಪಾಗಿ ಮಡಚಿಕೊಂಡಿತ್ತು. ಹಿಂದಿನ ದಿನ ಕಪಾಟು ಸರಿಸಿ ಕಸ ಹೊಡೆದವಳು ನಾನೇ. ಬಿಡಿಸಿ, ಬಳೆಯಷ್ಟು ಅಗಲಕ್ಕೆ ಸುತ್ತಿ ಗೋಡೆಗೆ ತೂಗುಹಾಕಿದ. ಮೀಟರಿನಲ್ಲಿ ಮೈನಸ್ 21. ಈ ಅಳತೆಯಲ್ಲಿ ಮೂರು ಕಡಿಮೆಯಾದರೆ ಬೆಳಕು ಅರ್ಧಕ್ಕೆ ಇಳಿದಂತೆ ಲೆಕ್ಕ. ಎಂಟು ಅಂದರೆ ಆರರಲ್ಲಿ ಐದು ಪಾಲು ಬೆಳಕನ್ನು ಆ ಮಡಿಕೆಯೇ ತಿಂದಿತ್ತು.

ಕೊರತೆ ಇಲ್ಲವೆಂದಲ್ಲ. ಅಡಿಗೆಮನೆಗೆ ವೈಫೈ ಒಂದೇ ಕಡ್ಡಿ, ಕೊಟ್ಟಿಗೆಗೆ ಅದೂ ಇಲ್ಲ. ಮಗ ಬೆಂಗಳೂರಿಂದ ಬಂದಾಗಲೆಲ್ಲ ಜಗಲಿಯಲ್ಲೇ ಲ್ಯಾಪ್‌ಟಾಪ್ ಬಿಚ್ಚಬೇಕು. ಡಬ್ಬಿ ಬೆಚ್ಚಗಿರುವುದರಿಂದ ಮಳೆಗಾಲದಲ್ಲಿ ಇರುವೆ ಸಂಸಾರ ಹೂಡುತ್ತವೆ. ವಾರಕ್ಕೊಮ್ಮೆ ಮಗುಚಿ ತಟ್ಟುತ್ತೇನೆ, ಮೊಟ್ಟೆ ಸಮೇತ ಉದುರುತ್ತವೆ.

ಅತ್ತೆ ಗುಡುಗಿಗೆ ಈಗಲೂ ಪ್ಲಗ್ ಕೀಳುತ್ತಾರೆ. ಯುಪಿಎಸ್ ಇರುವುದರಿಂದ ನನ್ನ ಕೆಲಸ ನಿಲ್ಲುವುದಿಲ್ಲ. ದೀಪ ಯಾಕೆ ಆರುವುದಿಲ್ಲ ಅಂತ ಅವರಿಗಿನ್ನೂ ಹೇಳಿಲ್ಲ.