ಯುಡಿಐಡಿ ಕಾರ್ಡ್‌ನಿಂದ ಮಾಸಾಶನದವರೆಗೆ: ಹಾಸನ ಜಿಲ್ಲೆಯಲ್ಲಿ ಈ ಸೇವೆ ಹೇಗಿದೆ?

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ ಕೈಗೆ ಬಂತು, ಇನ್ನು ತಿಂಗಳು ತಿಂಗಳು ದುಡ್ಡು ಬರುತ್ತದೆ ಎಂದು ಕಾಯುತ್ತಾ ಕೂತವರು ಊರೂರಲ್ಲೂ ಸಿಗುತ್ತಾರೆ. ಹಾಗೆ ಬರುವುದಿಲ್ಲ. ಕಾರ್ಡ್ ಸಿಗುವುದು ಕೇಂದ್ರದ ಪೋರ್ಟಲ್ ಮತ್ತು ಆಸ್ಪತ್ರೆಯ ಮೂಲಕ, ಮಾಸಾಶನ ಮಂಜೂರು ಮಾಡುವುದು ರಾಜ್ಯದ ಕಂದಾಯ ಇಲಾಖೆ, ಹಣ ಬಂದು ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ. ಮೂರೂ ಕಡೆ ಬೇರೆಬೇರೆಯಾಗಿ ಕೆಲಸ ಆಗಬೇಕು. ಒಂದೊಂದನ್ನೇ ನೋಡಿದರೆ ಸೇವೆ ಪರವಾಗಿಲ್ಲ. ಆದರೆ ಇಲ್ಲಿ ಮುಗಿಯಿತು, ಇನ್ನು ಅಲ್ಲಿಗೆ ಹೋಗಿ ಎಂದು ಹೇಳುವವರು ಕಡಿಮೆ. ಅರ್ಜಿಗಳು ನಿಲ್ಲುವುದೇ ಅಲ್ಲಿ.

ಮೊದಲನೆಯದು ಸ್ವಾವಲಂಬನ್, ಅಂದರೆ ಕಾರ್ಡಿಗೆ ಅರ್ಜಿ ಹಾಕುವ ಕೇಂದ್ರದ ಪೋರ್ಟಲ್. 2021ರ ಜೂನ್ 1ರಿಂದ ಅಂಗವೈಕಲ್ಯ ಪ್ರಮಾಣಪತ್ರ ಆನ್‌ಲೈನ್‌ನಲ್ಲಿ ಮಾತ್ರ. ಹಳೆಯ ಕಾಗದದ ಪ್ರಮಾಣಪತ್ರ ಇರುವವರು 'ಈಗಾಗಲೇ ಪ್ರಮಾಣಪತ್ರ ಇದೆ' ಎಂಬ ಆಯ್ಕೆಯಲ್ಲಿ ಅದನ್ನು ಅಪ್‌ಲೋಡ್ ಮಾಡಬೇಕು. ಫಾರ್ಮ್ ಸರಳವಾಗಿಯೇ ಇದೆ. ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ 'ಎಚ್ ಎಸ್ ಮಂಜೇಗೌಡ', ರೇಷನ್ ಕಾರ್ಡಿನಲ್ಲಿ 'ಮಂಜೇಗೌಡ ಬಿನ್ ಸಣ್ಣೇಗೌಡ', ಪಾಸ್‌ಬುಕ್‌ನಲ್ಲಿ 'ಮಂಜುನಾಥ' ಎಂದಿದ್ದರೆ ಮುಂದೆ ಪ್ರತಿ ಟೇಬಲ್‌ನಲ್ಲೂ ಅದೇ ಪ್ರಶ್ನೆ. ಅರ್ಜಿ ಹಾಕುವ ಮುಂಚೆಯೇ ಆಧಾರ್ ಸರಿಮಾಡಿಸಿ, ಮಿಕ್ಕದ್ದನ್ನು ಅದಕ್ಕೆ ಹೊಂದಿಸಿಕೊಳ್ಳಿ. ಕನ್ನಡದಲ್ಲಿ ಹೆಸರು ಕೇಳುವ ಕಾಲಂನಲ್ಲಿ ಒತ್ತಕ್ಷರ ತಪ್ಪಿ ಬಂದಿದೆಯೇ ಎಂದು ಸೈಬರ್‌ನವರ ಪಕ್ಕದಲ್ಲೇ ನಿಂತು ಓದಿ. ಅರ್ಜಿ ಸಲ್ಲಿಸಿದಾಗ ಸಿಗುವುದು ನೋಂದಣಿ ಸಂಖ್ಯೆ ಅಷ್ಟೆ, ಯುಡಿಐಡಿ ಸಂಖ್ಯೆ ಅಲ್ಲ. ಯುಡಿಐಡಿಯಲ್ಲಿ 18 ಅಕ್ಷರ-ಅಂಕಿಗಳಿರುತ್ತವೆ.

ಎರಡನೆಯದು ತಪಾಸಣೆ. ಯಾವ ಆಸ್ಪತ್ರೆ ಎಂದು ಅರ್ಜಿಯಲ್ಲೇ ಆರಿಸಬೇಕಾಗುತ್ತದೆ, ಆ ವಿಭಾಗದ ತಜ್ಞರು ಇಲ್ಲದ ಕಡೆ ಆರಿಸಿದರೆ ಮತ್ತೆ ಜಿಲ್ಲಾ ಕೇಂದ್ರಕ್ಕೇ ಬರಬೇಕು. ಹೆತ್ತೂರು, ಯಸಳೂರು ಕಡೆಯವರಿಗೆ ಹಾಸನಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ, ಜೊತೆಗೆ ಬರುವವರದೂ ಸೇರಿದರೆ ಎರಡು. ಹೊರಡುವ ಮುಂಚೆ ಆ ತಜ್ಞರು ಯಾವ ವಾರ ನೋಡುತ್ತಾರೆ ಎಂದು ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅವರನ್ನು ಕೇಳಿಕೊಳ್ಳಿ. ಈ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯೋಗಕ್ಕೆ ಬರುವವರು, ಇವರು ಇದ್ದಾರೆಂದು ಗೊತ್ತಿರುವವರೇ ಕಡಿಮೆ.

ಶೇಕಡಾವಾರು ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಮಾರ್ಗಸೂಚಿಯ ಪ್ರಕಾರ ಶೇ 30 ಮಾತ್ರ. ಡಾಕ್ಟರು ಬೇಕಂತಲೇ ಕಮ್ಮಿ ಬರೆದರು ಎಂದು ಜಗಳ ಆಡುವುದರಿಂದ ಪ್ರಯೋಜನವಿಲ್ಲ, ಶೇ 40 ಮುಟ್ಟದೆ ಮಾಸಾಶನ ಇಲ್ಲ. ಎರಡು ಬಗೆಯ ವೈಕಲ್ಯ ಇದ್ದರೆ ಎರಡನ್ನೂ ಕೂಡಿಸಿಬಿಡುವುದಿಲ್ಲ, ಅದಕ್ಕೆ ಬೇರೆ ಲೆಕ್ಕವಿದೆ. ಆದರೂ ಎರಡನ್ನೂ ಅರ್ಜಿಯಲ್ಲೇ ನಮೂದಿಸಬೇಕು. ನಮೂದಿಸದೆ ಬಿಟ್ಟದ್ದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಕಿವಿಯ ತೊಂದರೆಯ ಚಿಕ್ಕ ಮಕ್ಕಳಿಗೆ 'ಬೇರಾ' (BERA) ಎಂಬ, ಶಬ್ದಕ್ಕೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಪರೀಕ್ಷೆಯ ವರದಿ ಬೇಕಾಗುತ್ತದೆ. ಮಾನಸಿಕ ಕಾಯಿಲೆ ಇದ್ದರೆ ಹಳೆಯ ಚಿಕಿತ್ಸೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಒಂದೇ ಸಲ ಮಾತಾಡಿಸಿ ಹೇಳಲಾಗದ್ದು ಆ ಚೀಟಿಗಳಲ್ಲಿ ಇರುತ್ತದೆ.

2024ರ ಅಕ್ಟೋಬರ್‌ನ ತಿದ್ದುಪಡಿ ನಿಯಮಗಳು ಪ್ರಮಾಣಪತ್ರ ಕೊಡುವ ಗಡುವನ್ನು ಒಂದು ತಿಂಗಳಿಂದ ಮೂರು ತಿಂಗಳಿಗೆ ಎಳೆದಿವೆ. ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ತಾನಾಗಿಯೇ ಬಿದ್ದುಹೋಗುತ್ತದೆ, ಮತ್ತೆ ಹೊಸದಾಗಿ ಹಾಕಬೇಕು. ಕಾಯುವವರ ಮೇಲೆ ಇಷ್ಟು ಭಾರ ಹೊರಿಸಿದ್ದು ನ್ಯಾಯವಲ್ಲ. ತಿಂಗಳಿಗೊಮ್ಮೆಯಾದರೂ ಸ್ಟೇಟಸ್ ನೋಡಿ.

ಕಾರ್ಡಿನ ಬಣ್ಣ ನೋಡಿ ಮಾಸಾಶನ ಲೆಕ್ಕ ಹಾಕುವುದು ಇನ್ನೊಂದು ತಪ್ಪು. ಶೇ 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ರಾಜ್ಯದ ಮಾಸಾಶನದ ಗೆರೆ ಬೇರೆಯೇ: ಶೇ 40ರಿಂದ 74ರವರೆಗೆ 800 ರೂಪಾಯಿ, 75 ಮತ್ತು ಮೇಲೆ 1,400. ಶೇ 76 ಇರುವವರ ಕಾರ್ಡ್ ಹಳದಿಯೇ, ಆದರೆ ಅವರಿಗೆ ಸಲ್ಲಬೇಕಾದ್ದು 1,400. ಮಂಜೂರಾತಿ ಆದೇಶದಲ್ಲಿ ಎಷ್ಟು ಬರೆದಿದ್ದಾರೆ ಎಂದು ಓದಿಕೊಳ್ಳಿ, ಕಡಿಮೆ ಇದ್ದರೆ ಆಗಲೇ ಕೇಳಿ.

ಇನ್ನು ನಾಡಕಚೇರಿ. ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್, ಫೋಟೊ ಕೊಟ್ಟರೆ ಅರ್ಜಿ ತೆಗೆದುಕೊಳ್ಳುತ್ತಾರೆ. ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಮಕ್ಕಳ ಸ್ಕಾಲರ್‌ಶಿಪ್‌ಗೆಂದು 40,000 ಬರೆಸಿದ ಆದಾಯ ಪ್ರಮಾಣಪತ್ರ ಕಂಪ್ಯೂಟರಿನಲ್ಲಿ ಇದ್ದರೆ ಬಿಪಿಎಲ್ ಕಾರ್ಡ್ ಇದ್ದರೂ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ವಿಧವಾ ವೇತನವೋ ಸಂಧ್ಯಾ ಸುರಕ್ಷೆಯೋ ಬರುತ್ತಿದ್ದರೆ ಅದರ ಮೇಲೆ ಇದನ್ನೂ ಕೊಡುವುದಿಲ್ಲ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ ಸ್ಥಳ ಪರಿಶೀಲನೆಗೆ ಬರುತ್ತಾರೆ. ಸಕಲೇಶಪುರ, ಬೇಲೂರು ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ ಇರುವವರಿಗೆ ಇಲ್ಲೇ ಕಷ್ಟ. ಆಧಾರ್ ವಿಳಾಸ ತವರೂರಿನದಾಗಿದ್ದರೆ 'ಅರ್ಜಿದಾರರು ಇಲ್ಲಿ ವಾಸವಿಲ್ಲ' ಎಂಬ ಒಂದು ಸಾಲಿನಲ್ಲಿ ಅರ್ಜಿ ತಿರಸ್ಕೃತವಾಗಬಹುದು. ವಿಳಾಸ ಬದಲಾಯಿಸಿಯೇ ಅರ್ಜಿ ಹಾಕಿ. ಸಕಾಲ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಅದಿಲ್ಲದೆ ಬಾಯಿಮಾತಿನಲ್ಲಿ ವಿಚಾರಿಸಿದರೆ ಉತ್ತರವೂ ಬಾಯಿಮಾತಿನಲ್ಲೇ ಬರುತ್ತದೆ.

ಆದೇಶ ಆಗಿಯೂ ದುಡ್ಡು ಬಾರದಿದ್ದರೆ ನಾಡಕಚೇರಿಯವರನ್ನು ಬೈಯುವ ಮುಂಚೆ ಆಧಾರ್ ಜೋಡಣೆ ನೋಡಬೇಕು. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂಬ ದಾಖಲೆ ಬೇರೆ. ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕ್ ಮ್ಯಾಪ್ ಆಗುತ್ತದೆ, ಕೊನೆಗೆ ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದೀರೋ ಹಣ ಅಲ್ಲಿಗೇ ಹೋಗುತ್ತದೆ. ಯಾವತ್ತೋ ತೆರೆದು ಮರೆತ ಖಾತೆಯಲ್ಲಿ ಮಾಸಾಶನ ಸೇರುತ್ತಾ ಇರುತ್ತದೆ. ಮೈಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ ಸ್ಟೇಟಸ್‌ನಲ್ಲಿ ಯಾವ ಬ್ಯಾಂಕ್ ಎಂದು ಕಾಣುತ್ತದೆ. ಅದಕ್ಕೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ತಿಂಗಳ ಹಣ ಯಾವ ಖಾತೆಗೆ ಹೋಯಿತೆಂದು ನೋಡಬಹುದು, ಈ ಆ್ಯಪ್ ನಿಜಕ್ಕೂ ಚೆನ್ನಾಗಿದೆ. ಹಾಸಿಗೆ ಬಿಟ್ಟು ಏಳಲಾಗದವರಿಗೆ ಅಂಚೆ ಪಾವತಿ ಬ್ಯಾಂಕ್ ಖಾತೆ ಅನುಕೂಲ, ಪೋಸ್ಟ್‌ಮ್ಯಾನ್ ಮನೆಗೇ ಬಂದು ತೆರೆದುಕೊಡುತ್ತಾರೆ.

ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಅದರ ಕೊನೆಯ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅವಧಿ ಮುಗಿದರೆ ಮಾಸಾಶನ ನಿಲ್ಲಬಹುದು, ಮರುತಪಾಸಣೆಗೆ ನಾಲ್ಕೈದು ತಿಂಗಳು ಮುಂಚೆಯೇ ಅರ್ಜಿ ಹಾಕುವುದು ಒಳ್ಳೆಯದು.

ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್‌ಗೆ ಸೇವಾ ಸಿಂಧುವಿನಲ್ಲಿ ಬೇರೆ ಅರ್ಜಿ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ. ಸಕಲೇಶಪುರದಿಂದ ಹಾಸನಕ್ಕೆ ಧಾರಾಳ ಸಾಕು. ಆದರೆ ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ವಾಕ್ ಶ್ರವಣ ಸಂಸ್ಥೆ ಇರುವುದು ಅಲ್ಲಿ. ಕಿವಿ ಪರೀಕ್ಷೆಗೆ ಮಗುವನ್ನು ಕರೆದೊಯ್ಯುವವರಿಗೆ ಈ ಮಿತಿ ತೀರಾ ಬಿಗಿ.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ 18 ತುಂಬಿದ ಮೇಲೆ ಬ್ಯಾಂಕಿನಲ್ಲಿ ಅವರ ಪರವಾಗಿ ಸಹಿ ಹಾಕಲು ತಂದೆ ತಾಯಿಗೂ ಅಧಿಕಾರ ತಾನಾಗಿ ಇರುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಪಾಲಕತ್ವದ ಆದೇಶ ಪಡೆಯಬೇಕು. ಅರ್ಜಿಯ ವಿವರ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ. ಹದಿನೆಂಟರ ಹುಟ್ಟುಹಬ್ಬ ಹತ್ತಿರ ಬಂದಾಗಲೇ ಅಲ್ಲಿಗೆ ಹೋಗಿ ಕಾಗದ ತಯಾರು ಮಾಡಿಟ್ಟುಕೊಳ್ಳಿ.