ತೇಲುವ ಲೈನಾ, ಮುಳುಗುವ ಲೈನಾ?

ಕೆನಡಾದ ಕ್ಯಾಮ್‌ಲೂಪ್ಸ್ ಸುತ್ತಲಿನ ಕೆರೆಗಳಲ್ಲಿ ರೇನ್‌ಬೋ ಟ್ರೌಟ್ ಮೀನಿಗೆ ಫ್ಲೈ ಗಾಳ (ಹುಳುವಿನಂಥ ನಕಲಿ ಎರೆ ಕಟ್ಟಿದ ಗಾಳ) ಹಾಕೋಕೆ ಹೊರಟವರು ಮೊದಲು ಕೇಳುವ ಪ್ರಶ್ನೆ ಇದೇ.

ಟಂಕ್ವಾ ಥರದ ಕೆರೆಗೆ ಮೇ, ಜೂನ್‌ನಲ್ಲಿ ಹೋಗುವುದಾದರೆ ತೇಲುವ ಲೈನ್ (ಗಾಳದ ದಾರ) ಮತ್ತು ಬೆಂಡು ಸಾಕು. ಆಗ ಕಚ್ಚದ ಸೊಳ್ಳೆಯಂಥ ಕೈರಾನಮಿಡ್ ಹುಳುಗಳು ಕೆಸರಿನಿಂದ ನಿಧಾನಕ್ಕೆ ಮೇಲೇಳುತ್ತವೆ. ಮೀನು ತಳದ ಹತ್ತಿರವೇ ಅವನ್ನು ಕಾಯುತ್ತಿರುತ್ತದೆ. ಹಾಗಾಗಿ ಆಳ ಸರಿಯಾಗಿ ಸಿಗಬೇಕು. ಫ್ಲೈಗೆ ಒಂದು ಚಿಕ್ಕ ಇಕ್ಕಳ ಸಿಕ್ಕಿಸಿ ಕೆಳಗೆ ಬಿಡಿ. ತಳ ಮುಟ್ಟಿದ ಮೇಲೆ ಒಂದು ಅಡಿ ಎತ್ತಿ, ನೀರಿನ ಮಟ್ಟಕ್ಕೆ ಸರಿಯಾಗಿ ಬೆಂಡು ಕೂರಿಸಿ. ಇಕ್ಕಳ ತೆಗೆಯೋದು ಮರೀಬೇಡಿ! ಆಮೇಲೆ ಸುಮ್ನೆ ಕಾಯೋದು. ದೋಣಿಗೆ ಎರಡೂ ತುದಿಯಲ್ಲಿ ಲಂಗರು ಬೇಕು, ಇಲ್ಲದಿದ್ದರೆ ಗಾಳಿಗೆ ತಿರುಗಿ ಫ್ಲೈಯನ್ನು ಎಳೆದುಬಿಡುತ್ತದೆ. ನೀರು ಇಪ್ಪತ್ತೈದು ಅಡಿ ದಾಟಿದರೆ ಅಷ್ಟುದ್ದದ ಲೀಡರ್ (ಲೈನ್‌ಗೂ ಫ್ಲೈಗೂ ನಡುವಿನ ತೆಳು ದಾರ) ಬೀಸೋದು ಹಿಂಸೆ.

ಮುಳುಗುವ ಲೈನ್ ಹುಡುಕಾಟಕ್ಕೆ. ಮೀನು ಎಲ್ಲಿದೆ ಅಂತ ಗೊತ್ತಿಲ್ಲ ಅಲ್ವಾ, ಆಗ ಇದೇ ವಾಸಿ. ಟೈಪ್ 3 ಅನ್ನೋ ಮುಳುಗುವ ಲೈನ್ ಸೆಕೆಂಡಿಗೆ ಸುಮಾರು 3 ಇಂಚು ಇಳಿಯುತ್ತದೆ. 10 ಅಡಿಗೆ ನಲವತ್ತು ಎಣಿಸಿ, ಜಿಗಣೆಯಂಥ ಫ್ಲೈಯನ್ನು ನಿಧಾನಕ್ಕೆ ಎಳೆಯಿರಿ. ಫ್ಲೋಟ್ ಟ್ಯೂಬ್‌ನಲ್ಲಿ (ಒಬ್ಬರು ಕೂರುವ ಗಾಳಿ ತುಂಬಿದ ತೇಲುಗೆ) ಕಾಲು ಆಡಿಸುತ್ತಾ ಹೋಗುವವರಿಗೂ ಹೊಂದುತ್ತದೆ. ಶರತ್ಕಾಲಕ್ಕೆ ನನ್ನ ಆಯ್ಕೆ ಇದು.

ಒಂದೇ ಕೊಳ್ಳೋಕೆ ದುಡ್ಡಿದ್ದರೆ ತೇಲುವುದನ್ನೇ ತಗೊಳ್ಳಿ. ಬೆಂಡು ನೋಡುತ್ತಾ ಕೂರುವ ತಾಳ್ಮೆ ಇಲ್ಲದವರು ಮಾತ್ರ ಇನ್ನೊಂದಕ್ಕೆ ಹೋಗಬಹುದು.