ಸಾಂಟೊರಿನಿಯಲ್ಲಿ ಸೂರ್ಯಾಸ್ತದ ದೋಣಿ ಬುಕ್ ಮಾಡುವವರೇ, ಮೊದಲು ಗಾಳಿ ವಿಚಾರಿಸಿ

ಜುಲೈ-ಆಗಸ್ಟ್‌ನಲ್ಲಿ ಗ್ರೀಸಿನ ಸಾಂಟೊರಿನಿಗೆ ಹೋಗುವ, ಅದರಲ್ಲೂ ಊರಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದವರು ಇದನ್ನೊಮ್ಮೆ ಓದಿ, ಆಮೇಲೆ ದುಡ್ಡು ಕಟ್ಟಿ. 2025ರ ಜುಲೈಯಲ್ಲಿ ನಾನು ‘ಸ್ಮಾಲ್ ಗ್ರೂಪ್ ಸನ್‌ಸೆಟ್ ಕ್ರೂಸ್’ ಅಂತ ತಲೆಗೆ 145 ಯೂರೋದಂತೆ ನಾಲ್ಕು ಜನಕ್ಕೆ 580 ಯೂರೋ ಕಟ್ಟಿದೆ. ನಮ್ಮ ರೂಪಾಯಿ ಲೆಕ್ಕದಲ್ಲಿ ಅರ್ಧ ಲಕ್ಷ ದಾಟುತ್ತೆ. ಈ ಅಂಕಿ ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ತೀರ್ಥಹಳ್ಳಿ ಕಡೆಯವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಸುದ್ದಿ ಮುಟ್ಟಿಸಬೇಡಿ.

ನಾನೂ ನನ್ನ ಹೆಂಡತಿಯೂ ಮ್ಯೂನಿಕ್‌ನಲ್ಲಿದ್ದೇವೆ. ಅಪ್ಪ-ಅಮ್ಮ ಮೂರು ತಿಂಗಳಿಗೆ ಬಂದಿದ್ದರು. ಸಾಂಟೊರಿನಿ ಅಂದಾಗ ಅಮ್ಮ ಹೆದರಿದ್ದು ಜ್ವಾಲಾಮುಖಿಗೆ. ಅದೇ ವರ್ಷ ಫೆಬ್ರವರಿಯಲ್ಲಿ ಅಲ್ಲಿ ಮೇಲಿಂದ ಮೇಲೆ ಭೂಮಿ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟ ಸುದ್ದಿಯನ್ನು ಟಿವಿಯಲ್ಲಿ ನೋಡಿದ್ದಳು. “1950ರ ನಂತರ ಅದು ಬೆಂಕಿ ಉಗುಳಿಲ್ಲ ಅಮ್ಮ” ಅಂತ ಸಮಾಧಾನ ಮಾಡಿದೆ. ಗಾಳಿಯ ವಿಚಾರ ನಮ್ಮ ಯಾರ ತಲೆಗೂ ಬರಲಿಲ್ಲ.

ದ್ವೀಪದ ಆಕಾರ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಸುಮಾರು 3600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು, ನಡುಭಾಗ ಕುಸಿದು, ಸಮುದ್ರ ಒಳನುಗ್ಗಿದ ಜಾಗ ಅದು. ಉಳಿದಿರೋದು ತುದಿ ಕೂಡದ ಕೋಡುಬಳೆಯಂಥ ಒಂದು ಉಂಗುರ. ಪೂರ್ವಕ್ಕೆ ಮುಖ್ಯ ದ್ವೀಪ ಥೀರಾ, ಪಶ್ಚಿಮಕ್ಕೆ ಥಿರಾಸಿಯಾ, ನಡುವಿನ ನೀರಲ್ಲಿ ಕರಿ ಲಾವಾದ ಎರಡು ಕಾಮೆನಿ ದ್ವೀಪಗಳು. ಈ ಒಳಗಡಲಿಗೆ ಕಾಲ್ಡೆರಾ ಅನ್ನುತ್ತಾರೆ. ಥೀರಾದ ಉತ್ತರದ ತುದಿಯಲ್ಲಿ ಇಯಾ, ಕ್ಯಾಲೆಂಡರುಗಳಲ್ಲಿ ಕಾಣುವ ನೀಲಿ ಗುಮ್ಮಟದ ಊರು. ಇಯಾಕ್ಕೂ ಥಿರಾಸಿಯಾಕ್ಕೂ ನಡುವೆ ಸಮುದ್ರದ ಕಿಂಡಿ. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಅನ್ನೋ ಗಾಳಿ ದಿನಗಟ್ಟಲೆ ಬೀಸುತ್ತೆ. ನಮ್ಮ ಕಡೆ ಹಾಗೆ ಮೋಡ ಕವಿದು, ಮಣ್ಣಿನ ವಾಸನೆ ಬಂದು ಮುನ್ಸೂಚನೆ ಕೊಡೋ ಗಾಳಿಯಲ್ಲ. ಫಳಫಳ ಹೊಳೆಯುವ ಬಿಸಿಲಿನಲ್ಲೇ ಬೀಸುತ್ತೆ. ಕಾಲ್ಡೆರಾದೊಳಕ್ಕೆ ಅದು ನುಗ್ಗುವುದು ಆ ಕಿಂಡಿಯಿಂದಲೇ. ಜೋಡಿ ಒಡಲಿನ ಕ್ಯಾಟಮರಾನ್ ದೋಣಿಗಳು ಬಹಳಷ್ಟು ಹೊರಡುವುದು ದಕ್ಷಿಣದ ವ್ಲಿಹಾದಾ ಬಂದರಿನಿಂದ. ಅಲ್ಲಿ ಬೆಟ್ಟದ ಮರೆ ಇರುತ್ತೆ, ನೀರು ಕೆರೆಯ ಹಾಗೆ ಮಲಗಿರುತ್ತೆ. ದಡದಲ್ಲಿ ನಿಂತು ನೋಡಿದವನಿಗೆ ಆ ಕಡೆ ಏನು ಕಾದಿದೆ ಅನ್ನೋದು ಕಾಣುವುದೇ ಇಲ್ಲ.

ಸೂರ್ಯಾಸ್ತಕ್ಕೆ ಇಯಾ ಹತ್ತಿರ ಇರಬೇಕಾದರೆ ಗಾಳಿಗೆ ಎದುರಾಗಿಯೇ ಹೋಗಬೇಕು. ಬುಕಿಂಗ್ ಪೇಜಿನಲ್ಲಿ ಇದರ ಸುಳಿವೇ ಇಲ್ಲ. ಇರೋದು ಕೊನೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಮಾತು: ಹವಾಮಾನ ನೋಡಿಕೊಂಡು ಮಾರ್ಗ ಬದಲಾಗಬಹುದು.

ಗ್ರೀಕರು ಗಾಳಿಯನ್ನು ‘ಬೊಫೋರ್’ ಲೆಕ್ಕದಲ್ಲಿ ಹೇಳುತ್ತಾರೆ. ಹೋಟೆಲಿನ ಅಜ್ಜ ಬೆಳಿಗ್ಗೆ ಕಾಫಿ ಕೊಡುವಾಗಲೇ ಐದು ಬೆರಳು ತೋರಿಸಿ “ಬೊಫೋರ್” ಅಂದಿದ್ದ. ಐದು ನಿಮಿಷ ಕಾಯಬೇಕು ಅಂತ ತಿಳಿದುಕೊಂಡೆ, ನನ್ನ ಬುದ್ಧಿ! ಐದು ಬೊಫೋರ್ ಅಂದರೆ ಗಂಟೆಗೆ 29ರಿಂದ 38 ಕಿಲೋಮೀಟರ್ ಗಾಳಿ. ಗಾಳಿ ತೀರಾ ಜೋರಾದರೆ ಬಂದರಿನ ಅಧಿಕಾರಿಗಳೇ ದೋಣಿ ಬಿಡಗೊಡುವುದಿಲ್ಲ; ಟ್ರಿಪ್ ರದ್ದಾದರೆ ಹಣ ವಾಪಸ್ಸು ಅಂತ ನಮ್ಮ ಚೀಟಿಯಲ್ಲೂ ಇತ್ತು. ಗಾಳಿ ಕಡಿಮೆಯಿದ್ದರೆ ತೊಂದರೆಯೇ ಇಲ್ಲ. ಸಿಕ್ಕಿಬೀಳೋದು ಈ ನಡುವಿನ ದಿನಗಳಲ್ಲಿ. ದೋಣಿ ಹೊರಡುತ್ತೆ, ಹೇಳಿದ ಕಡೆ ಹೋಗೋದಿಲ್ಲ, ಹೊರಟಿತು ಅನ್ನೋ ಕಾರಣಕ್ಕೆ ಹಣವೂ ಬರೋದಿಲ್ಲ.

ಮಧ್ಯಾಹ್ನ ಎರಡೂವರೆಗೆ ಬರಬೇಕಿದ್ದ ವ್ಯಾನು ಬಂದಿದ್ದು ಮೂರೂ ಇಪ್ಪತ್ತಕ್ಕೆ. ಬಂದರಿನಲ್ಲಿ ಎಲ್ಲರ ಚಪ್ಪಲಿ ಬಿಚ್ಚಿಸಿ ಬುಟ್ಟಿಗೆ ಹಾಕಿಸಿದರು. ಚೀಟಿಯಲ್ಲಿದ್ದ ದೋಣಿಯ ಹೆಸರೇ ಬೇರೆ, ಎದುರಿಗಿದ್ದ ದೋಣಿಯ ಹೆಸರೇ ಬೇರೆ. ಜಾಹೀರಾತಿನಲ್ಲಿ ‘ಗರಿಷ್ಠ 12 ಮಂದಿ’ ಅಂತಿತ್ತು. ಅಪ್ಪ ನಿವೃತ್ತ ಮೇಷ್ಟ್ರು, ಹಾಜರಿ ಹಾಕುವ ಅಭ್ಯಾಸ ಬಿಟ್ಟಿಲ್ಲ. ಎಣಿಸಿ “ಇಪ್ಪತ್ತೇಳು ಇದಾವಲ್ಲೋ” ಅಂದರು. ದೋಣಿಯ ಹುಡುಗನನ್ನು ಕೇಳಿದರೆ, ಹನ್ನೆರಡು ಅಂದರೆ ಒಂದು ಬುಕಿಂಗ್‌ಗೆ ಹನ್ನೆರಡು, ದೋಣಿಗಲ್ಲ ಅಂತ ನಗುನಗುತ್ತಲೇ ಹೇಳಿದ. ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದ ಬಲೆಯ ಮೇಲೆ ಹೊಸ ಜೋಡಿಗಳು ಆಗಲೇ ಟವೆಲ್ ಹಾಸಿ ಮಲಗಿದ್ದವು, ನಮ್ಮ ಕೆಂಪು ಬಸ್ಸಲ್ಲಿ ಕರವಸ್ತ್ರ ಹಾಕಿ ಸೀಟು ಹಿಡಿದ ಹಾಗೆ. ನಮಗೆ ಸಿಕ್ಕಿದ್ದು ಹಿಂಭಾಗದಲ್ಲಿ, ಗ್ರಿಲ್ ಪಕ್ಕದ ಬೆಂಚು. ಸೀಗಡಿಯ ಹೊಗೆ ನೇರ ಅಮ್ಮನ ಮುಖಕ್ಕೆ.

ಊಟದ ಬಗ್ಗೆ ಜಾಸ್ತಿ ಬರೆಯೋಲ್ಲ. ವೆಜ್ ಅಂತ ಟಿಕ್ ಹಾಕಿದ್ದೆ. ಆ ಮಾಹಿತಿ ದೋಣಿಯವರೆಗೆ ಬಂದೇ ಇರಲಿಲ್ಲ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದಾಕಿಯಾ ಇತ್ತು, ಒಳಗೆ ಮಾಂಸ ಇಲ್ಲ ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆ ಅಮ್ಮ “ಪತ್ರೊಡೆಯ ತಮ್ಮ” ಅಂತ ಹೆಸರಿಟ್ಟು ನಾಲ್ಕು ತಿಂದಳು. ಫಾವಾ ಅನ್ನೋ ಅಲ್ಲಿನ ಬೇಳೆ ಮುದ್ದೆಗೆ “ತೊವ್ವೆ ಆರಿದ ಮೇಲೆ ಹಿಂಗೇ ಆಗೋದು” ಅಂದಳು. ಅಷ್ಟೇ ಊಟ.

ಇನ್ನು ಬಿಸಿನೀರಿನ ಬುಗ್ಗೆ. ಇದನ್ನು ಮಾತ್ರ ಸರಿಯಾಗಿ ಓದಿ. ಪಾಲಿಯಾ ಕಾಮೆನಿ ದ್ವೀಪದ ಒಂದು ಪುಟ್ಟ ಕೊಲ್ಲಿಯಲ್ಲಿ, ಬಿಳಿ ಬಣ್ಣದ ಚಿಕ್ಕ ಚರ್ಚಿನ ಎದುರು, ಗಂಧಕ-ಕಬ್ಬಿಣ ಬೆರೆತ ಬೆಚ್ಚನೆ ನೀರು ಸಮುದ್ರಕ್ಕೆ ಸೇರುತ್ತೆ. ‘ಹಾಟ್ ಸ್ಪ್ರಿಂಗ್ಸ್’ ಅಂದಾಗ ನಮ್ಮ ಕಲ್ಪನೆಯಲ್ಲಿ ಇದ್ದದ್ದು ಮೆಟ್ಟಿಲಿಳಿದು ಕಾಲು ಅದ್ದುವ ಕೊಳ. ಅಲ್ಲಿ ಹಾಗಿಲ್ಲ. ದೋಣಿ ಕೊಲ್ಲಿಯ ಒಳಗೆ ಹೋಗೋದಿಲ್ಲ, ಹೊರಗೇ ಲಂಗರು ಹಾಕುತ್ತೆ. ಕಾಲು ಎಟುಕದ ತಣ್ಣೀರಿಗೆ ಧುಮುಕಿ, ಐವತ್ತು ಅರವತ್ತು ಮೀಟರ್ ಈಜಿ ಬೆಚ್ಚನೆ ನೀರು ಮುಟ್ಟಬೇಕು, ಹಾಗೇ ಈಜಿ ವಾಪಸ್ ಬರಬೇಕು. ತಡವಾಗಿ ಹೊರಟಿದ್ದಕ್ಕೆ ಕೊಟ್ಟಿದ್ದು ಹದಿನೈದು ನಿಮಿಷ. ಯಾರಿಗೆ ಈಜು ಬರುತ್ತೆ, ಯಾರಿಗೆ ಬಿಪಿ ಇದೆ ಅಂತ ಒಂದು ಪ್ರಶ್ನೆಯೂ ಇಲ್ಲ.

ಅಪ್ಪ ಅಂಗಿ ಬಿಚ್ಚಿ ಬಿಳಿ ಬನಿಯನ್ನಿನಲ್ಲಿ ನಿಂತರು. ನಾನು ಬೇಡ ಅಂದೆ.

“ಮಳೆಗಾಲದ ತುಂಗೇಲಿ ಈಜಿದವನು ಮಾರಾಯ ನಾನು. ಇದೆಂಥ ಮಹಾ?”

ಹೋಗುವಾಗ ಚೆನ್ನಾಗಿಯೇ ಹೋದರು. ನೀಲಿ ನೀರು ಹಸಿರಾಗಿ, ಹಸಿರು ತುಕ್ಕಿನ ಬಣ್ಣಕ್ಕೆ ತಿರುಗುವ ಜಾಗದಲ್ಲಿ ನಿಂತು ಕೈ ಬೀಸಿದರು. ವಾಪಸ್ ಬರುವಾಗ ಗಾಳಿ ಎದ್ದಿತ್ತು. ಲಂಗರು ಹಾಕಿದ ದೋಣಿ ಹಗ್ಗ ಕಟ್ಟಿದ ಕರುವಿನ ಹಾಗೆ ಆ ಕಡೆ ಈ ಕಡೆ ತೊನೆಯುತ್ತಿತ್ತು. ಹಿಂಬದಿಯ ಏಣಿ ಅಲೆಗೆ ಮೇಲೇಳುವುದು, ರಪ್ಪಂತ ನೀರಿಗೆ ಬಡಿಯುವುದು. ಹೊಳೆಯಲ್ಲಿ ಸುಸ್ತಾದರೆ ಪ್ರವಾಹದ ಜೊತೆ ಓರೆಯಾಗಿ ಹೋಗಿ ಯಾವುದೋ ದಡ ಹಿಡಿಯಬಹುದು. ಇಲ್ಲಿ ದಡವೇ ಓಡಾಡುತ್ತಿದೆ! ಅಪ್ಪ ಒಂದು ಸಲ ಏಣಿ ಹಿಡಿದರು, ಕೈ ಜಾರಿತು, ಮೊಣಕಾಲ ಕೆಳಗೆ ಕಬ್ಬಿಣ ತರಚಿತು. ಎರಡನೇ ಸಲ ಅವರ ಬಾಯಿಗೆ ನೀರು ಹೋದದ್ದು ನನಗೆ ಕಾಣಿಸಿತು. ಕ್ಯಾಪ್ಟನ್ ಫೋನಿನಲ್ಲಿದ್ದ, ಹುಡುಗ ಕೋಳಿ ತಿರುವುತ್ತಿದ್ದ. ನನ್ನ ಹೆಂಡತಿ “ಮಾವಾ, ಬೆನ್ನ ಮೇಲೆ ಮಲಗಿ! ಅಂಗಾತ ಮಲಗಿ!” ಅಂತ ಕಿರುಚಿದಳು. ಫೋಮಿನ ಉದ್ದ ಕೋಲೊಂದನ್ನು ಕಂಕುಳಲ್ಲಿಟ್ಟುಕೊಂಡು ನಾನು ಹಾರಿದೆ. ಅದನ್ನು ಎಸೆದುಕೊಟ್ಟದ್ದು ಕೂಡ ಪಕ್ಕದಲ್ಲಿ ಕೂತಿದ್ದ ಪೋಲೆಂಡಿನ ಹೆಂಗಸು, ದೋಣಿಯವರಲ್ಲ. ಹೆಂಗೋ ಮೇಲೆ ಎಳೆದುಕೊಂಡೆವು. ಅಪ್ಪ ಹತ್ತು ನಿಮಿಷ ಮಾತಾಡಲಿಲ್ಲ. ಅವರು ಮಾತಾಡದೆ ಕೂತಿದ್ದು ನಾನು ನೋಡಿದ್ದು ಬಹಳ ಕಡಿಮೆ.

ಲೈಫ್ ಜಾಕೆಟ್ ಎಲ್ಲಿ ಅಂತ ಆಮೇಲೆ ಕೇಳಿದೆ. ನಾವು ಕೂತ ಬೆಂಚಿನ ಕೆಳಗೇ ಇತ್ತು, ಮುಂದೆ ಬಿಯರಿನ ಐಸ್ ಪೆಟ್ಟಿಗೆ ಅಡ್ಡ ಇಟ್ಟಿದ್ದರು. ಇದೇ ಕಾಲ್ಡೆರಾದಲ್ಲಿ 2007ರ ಏಪ್ರಿಲ್‌ನಲ್ಲಿ ಸೀ ಡೈಮಂಡ್ ಅನ್ನೋ ದೊಡ್ಡ ಪ್ರವಾಸಿ ಹಡಗು ಬಂಡೆಗೆ ತಾಗಿ ಮುಳುಗಿ, ಇಬ್ಬರು ಫ್ರೆಂಚ್ ಪ್ರಯಾಣಿಕರು ಕಾಣೆಯಾಗಿದ್ದರು. ಆ ನೀರಿನ ಮೇಲೆ ದಿನಾ ಓಡಾಡುವವರಿಗೆ ಜಾಕೆಟ್ ತೋರಿಸಲು ಎರಡು ನಿಮಿಷ ಸಿಗಲಿಲ್ಲ.

ಲಂಗರು ಎತ್ತಿ ಉತ್ತರಕ್ಕೆ ತಿರುಗಿದ ಐದೇ ನಿಮಿಷಕ್ಕೆ ಅಲೆ ಬಲೆಯ ಮೇಲೆ ಹಾರಿ, ಮಲಗಿದ್ದ ಜೋಡಿಗಳೆಲ್ಲ ನೆನೆದ ಬೆಕ್ಕಿನಂತಾಗಿ ಹಿಂದೆ ಓಡಿಬಂದವು. ಕ್ಯಾಪ್ಟನ್ ದೋಣಿ ತಿರುಗಿಸಿದ. ಅದು ಸರಿಯಾದ ತೀರ್ಮಾನ, ಅವನ ಮೇಲೆ ಆ ವಿಚಾರಕ್ಕೆ ನನಗೆ ಸಿಟ್ಟಿಲ್ಲ. ಬೆಳಿಗ್ಗೆಯಿಂದ ಐದು ಬೊಫೋರ್ ಇದ್ದದ್ದು ಗೊತ್ತಿದ್ದೂ ಇಯಾ ತೋರಿಸ್ತೀವಿ ಅಂತ ಹತ್ತಿಸಿಕೊಂಡವರ ಮೇಲೆ ಸಿಟ್ಟು. ದ್ವೀಪದ ನೈಋತ್ಯ ತುದಿಯಲ್ಲಿರುವ ಅಕ್ರೋಟಿರಿಯ ದೀಪಸ್ತಂಭದ ಮೂಲೆ ಸುತ್ತುವಾಗ ಒಬ್ಬೊಬ್ಬರಾಗಿ ವಾಂತಿ ಶುರು. ಎಂಟೂವರೆ ದಾಟಿದ ಮೇಲೆ ಸೂರ್ಯ ಮುಳುಗಿದ. ಆಗ ಅಮ್ಮನ ಮುಖ ಪ್ಲಾಸ್ಟಿಕ್ ಚೀಲದೊಳಗಿತ್ತು. “ಮುಳುಗಿತಾ?” ಅಂತ ಕೇಳಿದಳು. ಹ್ಞೂಂ ಅಂದೆ. “ಸದ್ಯ” ಅಂದಳು.

ಹಣ ಕೇಳಿದಾಗಿನ ಕತೆ ಬೇರೆ. ಟಿಕೆಟ್ ಮಾರಿದ ವೆಬ್‌ಸೈಟ್ ಒಂದು, ಟೂರ್ ನಡೆಸುವವರು ಇನ್ನೊಬ್ಬರು, ದೋಣಿ ಮೂರನೆಯವರದ್ದು. ಮೂವರೂ ಒಬ್ಬರ ಮೇಲೊಬ್ಬರು ಹಾಕಿದರು. ಒಂಬತ್ತು ದಿನದ ಮೇಲೆ ಬಂದ ಉತ್ತರ, ನಿಮ್ಮ ಪ್ರವಾಸ ಪೂರ್ಣಗೊಂಡಿದೆ ಅಂತ. ಯುರೋಪಿನಲ್ಲಿ ಆನ್‌ಲೈನ್ ಖರೀದಿಯನ್ನು 14 ದಿನದೊಳಗೆ ರದ್ದು ಮಾಡುವ ಹಕ್ಕಿದೆಯಲ್ಲ ಅಂತ ನಂಬಿಕೊಂಡಿದ್ದೆ. ದಿನಾಂಕ ನಿಗದಿಯಾದ ಇಂಥ ವಿಹಾರಗಳಿಗೆ ಅದು ಅನ್ವಯಿಸುವುದಿಲ್ಲ. ಕೊನೆಗೆ ಕೈಹಿಡಿದದ್ದು ಅಪ್ಪನ ಹಾಜರಿ. ‘ಗರಿಷ್ಠ 12’ ಅಂದ ಜಾಹೀರಾತಿನ ಸ್ಕ್ರೀನ್‌ಶಾಟ್, ಇಪ್ಪತ್ತೇಳು ತಲೆ ಕಾಣುವ ಎರಡು ಫೋಟೋ ಇಟ್ಟು ಕಾರ್ಡ್ ಬ್ಯಾಂಕಿಗೆ ತಕರಾರು ಕೊಟ್ಟೆ. ಹತ್ತು ವಾರ ಸತಾಯಿಸಿ 290 ಯೂರೋ ಬಂತು. ಇಯಾ ತಪ್ಪಿದ್ದಕ್ಕೆ, ಅಪ್ಪನ ಕಾಲಿಗೆ, ಬಿಡಿಗಾಸಿಲ್ಲ.

ಹೋಗಲೇಬೇಕು ಅನ್ನುವವರು ತಿಂಗಳು ಮುಂಚೆ ಬುಕ್ ಮಾಡಬೇಡಿ. ದ್ವೀಪಕ್ಕೆ ಹೋಗಿ, ಎರಡು ದಿನದ ಗಾಳಿ ನೋಡಿ, ದೋಣಿಯವರನ್ನೇ ನೇರ ಕೇಳಿ: ಉತ್ತರದ ಗಾಳಿ ಇದ್ದರೆ ಎಲ್ಲಿಗೆ ಹೋಗ್ತೀರಿ, ಕಾಲ್ಡೆರಾಕ್ಕೆ ಹೋಗದಿದ್ದರೆ ಎಷ್ಟು ವಾಪಸ್ ಕೊಡ್ತೀರಿ, ದೋಣಿಯ ಹೆಸರೇನು, ಒಟ್ಟು ತಲೆ ಎಷ್ಟು. ಉತ್ತರ ಬರಹದಲ್ಲಿ ಇರಲಿ, ವಾಟ್ಸಾಪ್ ಆದರೂ ಸಾಕು. ಗಾಳಿ ಐದು ಅಂದರೆ ವಯಸ್ಸಾದವರನ್ನು ದೋಣಿ ಹತ್ತಿಸುವ ಬದಲು ಅಕ್ರೋಟಿರಿಯ ದೀಪಸ್ತಂಭಕ್ಕೆ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿ. ಮಾರನೇ ದಿನ ನಾವು ಅದನ್ನೇ ಮಾಡಿದೆವು. ಅದೇ ಸೂರ್ಯ, ಪಾರ್ಕಿಂಗ್‌ಗೂ ದುಡ್ಡಿಲ್ಲ. ಗ್ರೀಸಿನ ಕರಾವಳಿ ಕಾವಲು ಪಡೆಯ ತುರ್ತು ಸಂಖ್ಯೆ 108, ನಮ್ಮ ಆ್ಯಂಬುಲೆನ್ಸ್ ನಂಬರೇ ಆದ್ದರಿಂದ ಅಮ್ಮ ಕೂಡ ಮರೆಯಲಿಲ್ಲ.

ಆ ನೀರಿನ ತುಕ್ಕಿನ ಕಲೆ ಬಟ್ಟೆಯಿಂದ ಹೋಗೋದಿಲ್ಲ, ಹಳೇ ಬಟ್ಟೆ ಹಾಕಿಕೊಳ್ಳಿ. ಅಪ್ಪನ ಬನಿಯನ್ನನ್ನು ಅಮ್ಮ ಮೂರು ಸಲ ನೆನೆಹಾಕಿ, ನಿಂಬೆಹಣ್ಣು ಉಜ್ಜಿ, ಕೊನೆಗೆ ಕೈಬಿಟ್ಟಳು. ಈಗ ಊರಲ್ಲಿ ಅಪ್ಪ ಅದರಲ್ಲಿ ಸ್ಕೂಟರ್ ಒರೆಸುತ್ತಾರಂತೆ. ಯಾರಾದರೂ ಕೇಳಿದರೆ “ಗ್ರೀಸಿಂದು” ಅಂತಾರಂತೆ.